ಕಬ್ಬಿನ ಬಿಲ್ಲು, ಕಂಪನಿಯ ಅಢಾವೆ

ಬಾಗಲಕೋಟೆ ಜಿಲ್ಲೆಯ ಲೋಕಾಪುರದ ಬಸ್ ನಿಲ್ದಾಣದ ಹತ್ತಿರದ ಚಹಾದಂಗಡಿಯಲ್ಲಿ ಒಂದು ಬೇಸಿಗೆಯ ಸಂಜೆ ರೈತರೊಬ್ಬರು ನನ್ನನ್ನು ತಡೆದು ಕೂರಿಸಿದರು. ಅಂಗಿಯ ಜೇಬಿನಿಂದ ಮಡಚಿದ ತೂಕದ ಚೀಟಿಗಳ ಕಟ್ಟು ತೆಗೆದರು. ಟ್ರ್ಯಾಕ್ಟರಿನ ನಂಬರು, ತುಂಬಿದ ಗಾಡಿಯ ತೂಕ, ಖಾಲಿ ಗಾಡಿಯ ತೂಕ, ನಿವ್ವಳ ತೂಕ ಎಲ್ಲವೂ ಆ ಚೀಟಿಗಳಲ್ಲಿದ್ದವು. ಬೆವರಿಗೆ ಶಾಯಿ ಮಸುಕಾಗಿತ್ತು. "ಸರ, ಕಾರ್ಖಾನಿಗೆ ಲಾಭ ಆಗೇತಿ ಅಂತ ಪೇಪರಿನ್ಯಾಗ ಬಂದೈತಿ. ಲಾಭ ಆಗಿದ್ರ ರೊಕ್ಕ ಇರಬೇಕಲ್ರಿ? ರೊಕ್ಕ ಇದ್ರ ನನ್ನ ಬಿಲ್ ಯಾಕ ಬಂದಿಲ್ರಿ?" ಪಕ್ಕದಲ್ಲಿ ಅವರ ಮಗ ಕೂತಿದ್ದ. ಬಿ.ಕಾಂ. ಎರಡನೆಯ ವರ್ಷ, ಪಿ.ಯು.ನಲ್ಲಿ ಲೆಕ್ಕಶಾಸ್ತ್ರಕ್ಕೆ ನೂರಕ್ಕೆ ತೊಂಬತ್ತರ ಮೇಲೆ ಅಂಕ ತೆಗೆದ ಹುಡುಗ. ಅಪ್ಪನ ಪ್ರಶ್ನೆಗೆ ಅವನು ತಲೆ ತಗ್ಗಿಸಿದ.

ಕಾರ್ಪೊರೇಟ್ ಹಣಕಾಸು ಲೆಕ್ಕಶಾಸ್ತ್ರದ ಮೂಲಪಾಠವನ್ನು ಕಲಿಯುವುದೆಂದರೆ ಏನು ಎಂದು ಯಾರಾದರೂ ಕೇಳಿದರೆ ನಾನು ಈಗ ಆ ರೈತರ ಪ್ರಶ್ನೆಯನ್ನೇ ಮುಂದಿಡುತ್ತೇನೆ. ಅದಕ್ಕೆ ಸರಿಯಾದ ಉತ್ತರ ಹೇಳಬಲ್ಲವನು ಮೂಲಪಾಠ ಕಲಿತಿದ್ದಾನೆ. ಹೇಳಲಾರದವನು ಎಷ್ಟೇ ಅಂಕ ತೆಗೆದಿದ್ದರೂ ಇನ್ನೂ ಕಲಿತಿಲ್ಲ. ಆ ಕಲಿಕೆ ನಮ್ಮ ಸೀಮೆಯಲ್ಲಿ ಎಲ್ಲೆಲ್ಲಿ, ಹೇಗೆ ನಡೆಯುತ್ತಿದೆ, ಎಲ್ಲಿ ತಪ್ಪಿಹೋಗುತ್ತಿದೆ ಎಂದು ನೋಡುವುದು ಈ ಬರಹದ ಕೆಲಸ.

ಈ ಸೀಮೆಯನ್ನೇ ಯಾಕೆ ಹಿಡಿಯಬೇಕು ಎಂದರೆ, ಕಂಪನಿಯ ಲೆಕ್ಕಕ್ಕೂ ಜನರ ಊಟಕ್ಕೂ ಇಲ್ಲಿರುವಷ್ಟು ನೇರ ಸಂಬಂಧ ಎಲ್ಲ ಕಡೆ ಇಲ್ಲ. ಲೋಕಾಪುರದ ಮಗ್ಗುಲಿಗೇ ಮುದ್ದಾಪುರದ ಸಿಮೆಂಟ್ ಕಾರ್ಖಾನೆ ಇದೆ. ಜೆ.ಕೆ. ಸಿಮೆಂಟ್ ಕಂಪನಿ ಅದನ್ನು 2009ರಲ್ಲಿ ಶುರು ಮಾಡಿತು. ಮುಧೋಳ, ಬೀಳಗಿ, ಜಮಖಂಡಿ ತಾಲೂಕುಗಳಲ್ಲಿ ಸಕ್ಕರೆ ಕಾರ್ಖಾನೆಗಳ ಚಿಮಣಿಗಳು ಒಂದರಿಂದೊಂದು ಕಾಣುವಷ್ಟು ಹತ್ತಿರ ನಿಂತಿವೆ. ಮಹಾಲಿಂಗಪುರದ ಕಡೆ ಹೋದರೆ ಸಮೀರವಾಡಿ. ರಬಕವಿ-ಬನಹಟ್ಟಿಯಲ್ಲಿ ಮಗ್ಗಗಳ ಸದ್ದು. ಊರೂರಿಗೆ ಪತ್ತಿನ ಸಂಘ, ಸೌಹಾರ್ದ ಸಹಕಾರಿ. ಕಬ್ಬು ಹಾಕುವವರು, ಕಡಿಯುವ ಗ್ಯಾಂಗಿನವರು, ಟ್ರ್ಯಾಕ್ಟರಿನ ಸಾಲದ ಕಂತು ಕಟ್ಟುವವರು, ಠೇವಣಿ ಇಟ್ಟವರು, ಎಲ್ಲರ ಹೆಸರೂ ಯಾವುದೋ ಒಂದು ಕಂಪನಿಯ ಅಥವಾ ಸಂಘದ ಪುಸ್ತಕದಲ್ಲಿ ಇದೆ. ಯಾವ ಪುಟದಲ್ಲಿ, ಯಾವ ಬದಿಯಲ್ಲಿ ಎಂಬುದು ಮಾತ್ರ ಅವರಿಗೆ ಗೊತ್ತಿಲ್ಲ.

ಲೆಕ್ಕ ಬರೆಯುವುದು ನಮ್ಮವರಿಗೆ ಹೊಸದಲ್ಲ. ಅಡತಿ ಅಂಗಡಿಯ ಗುಮಾಸ್ತರು ಕೀರ್ದಿ ಬರೆದು, ಖತಾವಣಿಗೆ ಇಳಿಸಿ, ಸಂಜೆಗೆ ಗಲ್ಲೆಯ ರೊಕ್ಕಕ್ಕೆ ತಾಳೆ ನೋಡದೆ ದೀಪ ಆರಿಸುತ್ತಿರಲಿಲ್ಲ. ಈಗಲೂ ದೀಪಾವಳಿಯಲ್ಲಿ ಲಕ್ಷ್ಮೀಪೂಜೆಯ ಮಣೆಯ ಮೇಲೆ ಕಂಪ್ಯೂಟರಿನ ಪಕ್ಕ ಕೆಂಪು ಹೊದಿಕೆಯ ಹೊಸ ಖಾತೆಪುಸ್ತಕ ಇರುತ್ತದೆ. ಒಂದು ಕಾಲಕ್ಕೆ ಮುಧೋಳ ಘೋರ್ಪಡೆಯವರ ಸಂಸ್ಥಾನವಾಗಿತ್ತು, ಜಮಖಂಡಿ ಪಟವರ್ಧನರದಾಗಿತ್ತು. ದಫ್ತರದ ಭಾಷೆ ಮರಾಠಿಯ ಒಡನಾಟದಲ್ಲಿ ಬೆಳೆಯಿತು. ಕೀರ್ದಿ, ಖತಾವಣಿ, ಜಮಾ, ಬಾಕಿ, ಉದ್ರಿ, ಅಢಾವೆ, ಈ ಪದಗಳೆಲ್ಲ ಆ ದಫ್ತರಗಳ ಆಸ್ತಿ. ಇಟಲಿಯ ಲುಕಾ ಪಾಚೋಲಿ 1494ರಲ್ಲಿ ಇಬ್ಬದಿ ಲೆಕ್ಕದ ಪದ್ಧತಿಯನ್ನು ಅಚ್ಚು ಹಾಕಿಸಿದ ಎಂದು ಪಠ್ಯದಲ್ಲಿ ಓದುತ್ತೇವೆ. ಕೊಟ್ಟವರ ಹೆಸರಿಗೆ ಒಂದು ಕಡೆ, ಇಸಿದುಕೊಂಡವರ ಹೆಸರಿಗೆ ಇನ್ನೊಂದು ಕಡೆ ಬರೆಯಬೇಕು ಎಂಬ ತಿಳಿವಳಿಕೆ ಅಡತಿ ಅಂಗಡಿಯ ಹುಡುಗನಿಗೂ ಇತ್ತು.

ಆದರೆ ಅಂಗಡಿಯ ಲೆಕ್ಕಕ್ಕೂ ಕಂಪನಿಯ ಲೆಕ್ಕಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ, ಕಲಿಯುವವರು ಎಡವುವುದೂ ಅಲ್ಲಿಯೇ. ಅಂಗಡಿಯ ಲೆಕ್ಕವನ್ನು ಮಾಲೀಕ ತನಗಾಗಿ ಬರೆಸುತ್ತಾನೆ. ಕಂಪನಿಯ ಲೆಕ್ಕವನ್ನು ಪರರು ಓದಲೆಂದೇ ಬರೆಯಬೇಕು. ಷೇರು ಹಾಕಿದವರು, ಸಾಲ ಕೊಟ್ಟ ಬ್ಯಾಂಕು, ಮಾಲು ಉದ್ರಿ ಕೊಟ್ಟವರು, ಸರ್ಕಾರ ಇವರೆಲ್ಲ ಅದರ ಓದುಗರು. 2013ರ ಕಂಪನಿ ಕಾಯ್ದೆ ಮತ್ತು ಅದರ ಮೂರನೆಯ ಅನುಸೂಚಿ ಯಾವ ಬಾಬತ್ತು ಯಾವ ಸಾಲಿನಲ್ಲಿ ಬರಬೇಕು ಎಂದು ಕಟ್ಟುಮಾಡಿರುವುದು ಆ ಓದುಗರಿಗಾಗಿ. ಬರೆಯುವುದನ್ನು ಕಲಿಸಿ ಓದುವುದನ್ನು ಕಲಿಸದಿದ್ದರೆ ಕಾರ್ಪೊರೇಟ್ ಲೆಕ್ಕಶಾಸ್ತ್ರವನ್ನು ಅರ್ಧ ಮಾತ್ರ ಕಲಿಸಿದಂತೆ.

ಶಾಲೆ ಕಾಲೇಜುಗಳ ಕಡೆ ಬರೋಣ. ನಮ್ಮ ದ್ವಿತೀಯ ಪಿ.ಯು. ಪಠ್ಯ ಬಡವಾಗಿಲ್ಲ. ಎನ್‌ಸಿಇಆರ್‌ಟಿ ಪುಸ್ತಕವನ್ನೇ ಅನುಸರಿಸುವ ಅದರ ಎರಡನೆಯ ಭಾಗದಲ್ಲಿ ಷೇರು ಬಂಡವಾಳ, ಸಾಲಪತ್ರ, ಕಂಪನಿಯ ಹಣಕಾಸು ತಖ್ತೆಗಳು, ಅನುಪಾತಗಳು, ನಗದು ಹರಿವಿನ ತಖ್ತೆ ಎಲ್ಲವೂ ಇವೆ. ಜಮಖಂಡಿಯಲ್ಲಿ ಬಿ.ಎಲ್.ಡಿ.ಇ. ಸಂಸ್ಥೆಯ ಕಾಮರ್ಸ್ ಕಾಲೇಜು ಇದೆ. ರಾಣಿ ಚನ್ನಮ್ಮ ವಿಶ್ವವಿದ್ಯಾಲಯದಿಂದ ಬೇರೆಯಾದ ಬಾಗಲಕೋಟೆ ವಿಶ್ವವಿದ್ಯಾಲಯವೂ ಜಮಖಂಡಿಗೇ ಬಂದಿದೆ. ಓದಲು ದೂರ ಹೋಗಬೇಕಾಗಿಲ್ಲ. ಕೊರತೆ ಇರುವುದು ಉದಾಹರಣೆಗಳಲ್ಲಿ. ತರಗತಿಯಲ್ಲಿ ಬರುವುದು ಎಕ್ಸ್ ಲಿಮಿಟೆಡ್, ವೈ ಲಿಮಿಟೆಡ್. ಎಕ್ಸ್ ಲಿಮಿಟೆಡ್ ಏನು ತಯಾರಿಸುತ್ತದೆ, ಅದಕ್ಕೆ ಕಚ್ಚಾ ಮಾಲು ಯಾರು ಕೊಡುತ್ತಾರೆ ಎಂದು ಯಾರೂ ಕೇಳುವುದಿಲ್ಲ. ಕಿಟಕಿಯಾಚೆ ಹೊಗೆ ಬಿಡುತ್ತಿರುವ ಕಾರ್ಖಾನೆಯ ಹೆಸರು ಒಂದು ಲೆಕ್ಕದಲ್ಲೂ ಬರುವುದಿಲ್ಲ. ನಾನೂ ವರ್ಷಾನುಗಟ್ಟಲೆ ಹಾಗೆಯೇ ಪಾಠ ಮಾಡಿದವನು. ಆ ಚಹಾದಂಗಡಿಯ ಸಂಜೆಯ ನಂತರ ನಿಲ್ಲಿಸಿದೆ.

ಮೊದಲ ವಾರದಲ್ಲೇ ಬಿಡಿಸಬೇಕಾದ ಒಂದು ಗಂಟನ್ನು ಇಲ್ಲಿ ಹೇಳಿಬಿಡುತ್ತೇನೆ. ಮಕ್ಕಳಿಗೆ ಡೆಬಿಟ್, ಕ್ರೆಡಿಟ್ ಎಂಬ ಪದ ಮೊದಲು ಸಿಗುವುದು ಬ್ಯಾಂಕಿನ ಸಂದೇಶದಲ್ಲಿ. "ನಿಮ್ಮ ಖಾತೆಗೆ ಕ್ರೆಡಿಟ್ ಆಗಿದೆ" ಎಂದರೆ ರೊಕ್ಕ ಬಂತು. ತರಗತಿಗೆ ಬಂದರೆ ಗುರುಗಳು ನಗದು ಬಂದರೆ ಡೆಬಿಟ್ ಎನ್ನುತ್ತಾರೆ. ಹುಡುಗ ಗೊಂದಲಕ್ಕೆ ಬಿದ್ದು, ಅರ್ಥ ಮಾಡಿಕೊಳ್ಳುವುದನ್ನು ಬಿಟ್ಟು ಬಾಯಿಪಾಠಕ್ಕೆ ಇಳಿಯುತ್ತಾನೆ. ಪಾಸ್‌ಬುಕ್ಕನ್ನು ಬರೆದವರು ಬ್ಯಾಂಕಿನವರು, ಅದು ಅವರ ಪುಸ್ತಕದ ನಕಲು, ನಮ್ಮ ರೊಕ್ಕ ಅವರಿಗೆ ಸಾಲ, ಅದಕ್ಕೇ ಅವರ ಕಡೆ ಅದು ಜಮಾ ಎಂದು ಎರಡು ನಿಮಿಷದಲ್ಲಿ ಹೇಳಿದರೆ ಸಾಕು, ಮುಖ ಅರಳುತ್ತದೆ. ಒಂದೇ ವ್ಯವಹಾರಕ್ಕೆ ಇಬ್ಬರ ಪುಸ್ತಕ, ಇಬ್ಬರ ಕಣ್ಣು. ರೈತನ ತೂಕದ ಚೀಟಿ ಅವನಿಗೆ ಬರಬೇಕಾದ ಹಣ, ಕಾರ್ಖಾನೆಗೆ ಅದೇ ಚೀಟಿ ಕೊಡಬೇಕಾದ ಬಾಕಿ.

ಪಿ.ಯು. ಮುಗಿಸಿದವರಲ್ಲಿ ಬಹಳ ಜನ ಹೋಗುವುದು ಟ್ಯಾಲಿ ಕ್ಲಾಸಿಗೆ. ಗೋಯೆಂಕಾ ತಂದೆ ಮಗ 1986ರಲ್ಲಿ ಹುಟ್ಟುಹಾಕಿದ, ಇಂದು ಬೆಂಗಳೂರಿನಲ್ಲಿ ನೆಲೆ ನಿಂತ ಕಂಪನಿಯ ತಂತ್ರಾಂಶ ಇದು. ಸಣ್ಣ ಊರಿನ ಹುಡುಗ ಹುಡುಗಿಯರಿಗೆ ಇದು ಕೊಟ್ಟಷ್ಟು ಕೆಲಸವನ್ನು ಬೇರೆ ಕೋರ್ಸುಗಳು ಕೊಟ್ಟಿರುವುದು ಅಪರೂಪ, ಅದನ್ನು ಕಡೆಗಣಿಸಿ ಮಾತಾಡುವುದು ನನಗೆ ಸೇರುವುದಿಲ್ಲ. ವೋಚರ್ ಹಾಕುವುದು, ಜಿ.ಎಸ್.ಟಿ. ರಿಟರ್ನ್ ತುಂಬುವುದು ಬಂದರೆ ಮನೆಗೆ ಸಂಬಳ ಬರುತ್ತದೆ. ಆದರೆ ಯಂತ್ರವೇ ತಾಳೆ ನೋಡುವುದರಿಂದ ತಾಳೆಪಟ್ಟಿ ಯಾಕೆ ತಾಳೆಯಾಗಬೇಕು ಎಂಬ ಪ್ರಶ್ನೆ ಕಲಿಯುವವರ ತಲೆಗೆ ಬರುವುದೇ ಇಲ್ಲ. ತಪ್ಪು ಖಾತೆಗೆ ಹಾಕಿದ ಖರ್ಚೂ ಅಚ್ಚುಕಟ್ಟಾಗಿ ತಾಳೆಯಾಗುತ್ತದೆ! 2023ರ ಏಪ್ರಿಲ್ 1ರಿಂದ ಕಂಪನಿಗಳು ಬಳಸುವ ಲೆಕ್ಕದ ತಂತ್ರಾಂಶ ಪ್ರತಿ ತಿದ್ದುಪಡಿಯ ಜಾಡನ್ನು ಉಳಿಸಿಕೊಳ್ಳಲೇಬೇಕು ಎಂಬ ನಿಯಮ ಬಂದಿದೆ. ಯಾರು ಯಾವಾಗ ಏನನ್ನು ತಿದ್ದಿದರು ಎಂಬುದು ಉಳಿಯುತ್ತದೆ. ಹಾಗಾಗಿ ಕೀಲಿಮಣೆ ಒತ್ತುವ ಹುಡುಗನಿಗೂ ತಾನು ಬರೆದ ಸಾಲಿನ ಅರ್ಥ ಗೊತ್ತಿರಬೇಕಾದ ಕಾಲ ಇದು.

ಈಗ ಆ ರೈತರ ಪ್ರಶ್ನೆ. ನಾನು ಅದನ್ನು ಆಮೇಲೆ ಹಲಗೆಯ ಮೇಲೆ ಬಿಡಿಸಿದ ರೀತಿಯಲ್ಲೇ ಇಲ್ಲಿ ಇಡುತ್ತೇನೆ. ಅಂಕಿಗಳು ಕಲ್ಪಿತ. ಕಾರ್ಖಾನೆಯೂ ಕಲ್ಪಿತ.

ಒಂದು ಕಾರ್ಖಾನೆ ಹಂಗಾಮಿನಲ್ಲಿ 10 ಲಕ್ಷ ಟನ್ ಕಬ್ಬು ನುರಿಸಿತು ಎಂದುಕೊಳ್ಳಿ. 2025ರ ನವೆಂಬರಿನಲ್ಲಿ ಕಬ್ಬಿನ ಬೆಲೆಗಾಗಿ ರೈತರು ನಡೆಸಿದ ಗುರ್ಲಾಪುರದ ಹೋರಾಟದ ನಂತರ ಎಲ್ಲರ ಬಾಯಲ್ಲಿ ಉಳಿದ ಸಂಖ್ಯೆಯನ್ನೇ ಹಿಡಿಯೋಣ, ರೈತರಿಗೆ ಟನ್ನಿಗೆ 3,300 ರೂಪಾಯಿ. ಕಬ್ಬಿನ ಹಣ 330 ಕೋಟಿ ಆಯಿತು. ಕಟಾವು, ಸಾಗಣೆ, ಸಂಬಳ, ರಾಸಾಯನಿಕ ಎಲ್ಲ ಸೇರಿಸಿ, ಅದರಲ್ಲಿ ಕಾಕಂಬಿ ಮತ್ತು ವಿದ್ಯುತ್ತು ಮಾರಿ ಬಂದ ಹಣ ಕಳೆದರೆ ನಿವ್ವಳ ಖರ್ಚು 55 ಕೋಟಿ. ಒಟ್ಟು ವೆಚ್ಚ 385 ಕೋಟಿ. ನೂರಕ್ಕೆ 11ರ ಇಳುವರಿಯಲ್ಲಿ 1 ಲಕ್ಷ 10 ಸಾವಿರ ಟನ್ ಸಕ್ಕರೆ ಬಂತು. ಅಂದರೆ ಒಂದು ಟನ್ ಸಕ್ಕರೆ ಮಾಡಲು ತಗುಲಿದ್ದು 35,000 ರೂಪಾಯಿ. ಮಾರ್ಚ್ 31ರ ಹೊತ್ತಿಗೆ 44,000 ಟನ್ ಮಾರಾಟವಾಗಿದೆ, ಟನ್ನಿಗೆ 38,000ದಂತೆ. ಬಂದದ್ದು 167 ಕೋಟಿ 20 ಲಕ್ಷ. ಮಾರಿದ ಪ್ರತಿ ಟನ್ನಿನ ಮೇಲೆ 3,000 ಉಳಿದಿದ್ದರಿಂದ ಲಾಭ 13 ಕೋಟಿ 20 ಲಕ್ಷ. ಪತ್ರಿಕೆಯಲ್ಲಿ ಬಂದದ್ದು ಈ ಸಂಖ್ಯೆ. ಅದು ಸುಳ್ಳಲ್ಲ.

ಇನ್ನು ರೊಕ್ಕದ ಲೆಕ್ಕ. ಬಂದ 167.20 ಕೋಟಿಯಲ್ಲಿ 55 ಕೋಟಿ ಖರ್ಚಿಗೆ ಹೋಯಿತು. ಉಳಿದದ್ದು 112.20 ಕೋಟಿ. ಅಷ್ಟನ್ನೂ ರೈತರಿಗೇ ಕೊಟ್ಟರೂ 217.80 ಕೋಟಿ ಬಾಕಿ. ಗೋದಾಮಿನಲ್ಲಿ 66,000 ಟನ್ ಸಕ್ಕರೆ ಇದೆ, ತಗುಲಿದ ಬೆಲೆಯಲ್ಲಿ ಅದರ ಮೌಲ್ಯ 231 ಕೋಟಿ. ಬ್ಯಾಂಕು ಅದರ ಮೇಲೆ ನೂರಕ್ಕೆ 85ರಂತೆ ಸಾಲ ಕೊಟ್ಟಿತು ಎಂದುಕೊಳ್ಳಿ, 196.35 ಕೋಟಿ. ಅದನ್ನೂ ಬಟವಾಡೆ ಮಾಡಿದ ಮೇಲೆ ಉಳಿಯುವ ಬಾಕಿ 21.45 ಕೋಟಿ. ಚಹಾದಂಗಡಿಯಲ್ಲಿ ಕೂತವರ ಬಿಲ್ಲು ಇರುವುದು ಈ 21.45 ಕೋಟಿಯ ಒಳಗೆ. ಈಗ ಎರಡೂ ಬದಿ ತೂಗಿ ನೋಡಿ. ಒಂದು ಕಡೆ ಸಕ್ಕರೆಯ ದಾಸ್ತಾನು 231 ಕೋಟಿ. ಇನ್ನೊಂದು ಕಡೆ ಬ್ಯಾಂಕಿನ ಸಾಲ 196.35, ರೈತರ ಬಾಕಿ 21.45, ಲಾಭ 13.20. ಕೂಡಿಸಿದರೆ 231. ಇದೇ ಅಢಾವೆ ಪತ್ರಿಕೆ. ಲಾಭ ಆಗಿದೆ, ಆದರೆ ಅದು ಸಕ್ಕರೆಯ ಚೀಲದೊಳಗೆ ಕೂತಿದೆ.

ಹಲಗೆಯ ಮೇಲೆ ಆ ಎರಡು ಮೊತ್ತ ತಾಳೆಯಾದಾಗ ತರಗತಿಯಲ್ಲಿ ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಲಾಭ ಬೇರೆ, ನಗದು ಬೇರೆ ಎಂದು ಅವರು ಹಿಂದೆಯೇ ಬರೆದುಕೊಂಡಿದ್ದರು. ಕಣ್ಣಿಂದ ನೋಡಿದ್ದು ಅಂದೇ.

ಹಂಗಾಮಿನ ವಿಚಾರವನ್ನೂ ಇಲ್ಲೇ ಹೇಳಬೇಕು. ಸಕ್ಕರೆಯ ವರ್ಷ ಅಕ್ಟೋಬರಿನಿಂದ ಸೆಪ್ಟೆಂಬರಿಗೆ. ಕಂಪನಿಯ ಲೆಕ್ಕದ ವರ್ಷ ಮಾರ್ಚ್ 31ಕ್ಕೆ ಮುಗಿಯಲೇಬೇಕು ಎನ್ನುತ್ತದೆ ಕಾಯ್ದೆ. ಕಾರ್ಖಾನೆ ನುರಿಸಿ ಮುಗಿಸಿದ ಹೊತ್ತಿಗೇ ಲೆಕ್ಕದ ಛಾಯಾಚಿತ್ರ ತೆಗೆದಂತೆ ಆಗುತ್ತದೆ. ದಾಸ್ತಾನು ತುಂಬಿ ತುಳುಕುತ್ತಿರುತ್ತದೆ, ಬ್ಯಾಂಕಿನ ಸಾಲ ತುದಿಗೇರಿರುತ್ತದೆ. ಅದೇ ಕಂಪನಿಯನ್ನು ಸೆಪ್ಟೆಂಬರ್ ಕೊನೆಗೆ ನೋಡಿದರೆ ಬೇರೆಯೇ ಮುಖ. ಪಠ್ಯದಲ್ಲಿ ಚಾಲ್ತಿ ಅನುಪಾತ ಇಷ್ಟಿದ್ದರೆ ಒಳ್ಳೆಯದು ಎಂದು ಒಂದು ಸಂಖ್ಯೆ ಕೊಡುತ್ತಾರೆ. ನಮ್ಮ ಸಕ್ಕರೆ ಕಾರ್ಖಾನೆಗಳ ಮುಂದೆ ಆ ಸಂಖ್ಯೆ ಹಿಡಿದು ತೀರ್ಪು ಕೊಡುವುದು ದುಡುಕು. ಯಾವ ದಿನದ ಲೆಕ್ಕ ಎಂದು ಮೊದಲು ಕೇಳಬೇಕು.

ಹೀಗೆ ವಿವರಿಸಿದ ಮಾತ್ರಕ್ಕೆ ಬಾಕಿ ಉಳಿಸಿಕೊಳ್ಳುವುದು ಸರಿ ಎಂದಾಗುವುದಿಲ್ಲ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಬಂದ 14 ದಿನಗಳಲ್ಲಿ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ನೂರಕ್ಕೆ 15ರ ಬಡ್ಡಿ ಸೇರಿಸಬೇಕು. ಸಕ್ಕರೆ ಮಾರಾಟವಾಗಿಲ್ಲ ಎಂಬುದು ಕಾರ್ಖಾನೆಯ ತೊಂದರೆ. ಅದಕ್ಕೆ ಬೇಕಾದ ದುಡಿಯುವ ಬಂಡವಾಳ ತರುವುದು ಮಾಲೀಕರ ಹೊಣೆ. ಅವರು ತಂದರೋ, ಅಥವಾ ರೈತನ ಹಣದಲ್ಲೇ ದಿನ ತಳ್ಳಿದರೋ ಎಂಬುದನ್ನು ತಿಳಿಯುವ ದಾರಿ ಲೆಕ್ಕದಲ್ಲೇ ಇದೆ. ಮೂಲಪಾಠ ಗೊತ್ತಿದ್ದವರ ಕೈಗೆ ಅದು ಸಿಗುತ್ತದೆ.

ನಗದು ಹರಿವಿನ ತಖ್ತೆ ನೋಡಿ. ಪರೀಕ್ಷೆಯಲ್ಲಿ ಹುಡುಗರು ಹೆದರುವ ಅಧ್ಯಾಯ ಇದು. ನಿಜಕ್ಕೂ ಕಂಪನಿಯ ನಡತೆ ತೋರಿಸುವುದೂ ಇದೇ. ವ್ಯವಹಾರದಿಂದ ಬಂದು ಹೋದ ಹಣ ಒಂದು ಭಾಗ, ಆಸ್ತಿ ಕೊಳ್ಳಲು ಹೋದದ್ದು ಎರಡನೆಯದು, ಸಾಲ ಮತ್ತು ಷೇರಿನದು ಮೂರನೆಯದು. ಮೊದಲ ಭಾಗದಲ್ಲಿ "ಕೊಡಬೇಕಾದ ಬಾಕಿಯಲ್ಲಿ ಏರಿಕೆ" ಎಂದು ದೊಡ್ಡ ಮೊತ್ತವಿದ್ದು, ಅದೇ ವರ್ಷ ಎರಡನೆಯ ಭಾಗದಲ್ಲಿ ಹೊಸ ಡಿಸ್ಟಿಲರಿಗೆ ಕೋಟಿಗಟ್ಟಲೆ ಹೋಗಿದ್ದರೆ, ಆ ಡಿಸ್ಟಿಲರಿಗೆ ಯಾರ ಹಣ ಬಿದ್ದಿರಬಹುದು ಎಂದು ಕೇಳುವ ಹಕ್ಕು ಕಬ್ಬು ಹಾಕಿದವನಿಗೆ ಬರುತ್ತದೆ. ಮೂರನೆಯ ಅನುಸೂಚಿಯ 2021ರ ತಿದ್ದುಪಡಿಯ ನಂತರ ಕೊಡಬೇಕಾದ ಬಾಕಿಗಳನ್ನು ವಯಸ್ಸಿನ ಪ್ರಕಾರ ಬಿಡಿಸಿ ತೋರಿಸಬೇಕು, ಒಂದು ವರ್ಷದೊಳಗಿನವು, ಒಂದರಿಂದ ಎರಡು ವರ್ಷದವು, ಹೀಗೆ. ಸಣ್ಣ ಉದ್ದಿಮೆಗಳ ಬಾಕಿಗೆ ಅಲ್ಲಿ ಪ್ರತ್ಯೇಕ ಸಾಲು. ರೈತ ಸಾಮಾನ್ಯವಾಗಿ "ಇತರರು" ಎಂಬ ಸಾಲಿನಲ್ಲಿ ಸೇರಿಹೋಗುತ್ತಾನೆ. ಕಬ್ಬು ಬೆಳೆಗಾರರಿಗೂ ಒಂದು ಪ್ರತ್ಯೇಕ ಸಾಲು ಇರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ತಡವಾದ ಬಡ್ಡಿಯನ್ನು ಖರ್ಚಿಗೆ ಹಾಕಿದ್ದಾರೆಯೇ, ಅಥವಾ ವಿವಾದದಲ್ಲಿದೆ ಎಂದು ಸಂಭಾವ್ಯ ಹೊಣೆಗಳ ಟಿಪ್ಪಣಿಗೆ ತಳ್ಳಿದ್ದಾರೆಯೇ ಎಂಬುದೂ ಹಿಂದಿನ ಪುಟಗಳಲ್ಲಿ ಇರುತ್ತದೆ. ಹಿಂದಿನ ಪುಟಗಳಿಂದ ಓದಲು ಶುರು ಮಾಡಿ ಎಂದು ನಾನು ವಿದ್ಯಾರ್ಥಿಗಳಿಗೆ ಹೇಳುವುದು ಇದಕ್ಕೇ.

ಷೇರು ವಿತರಣೆಯ ಅಧ್ಯಾಯಕ್ಕಂತೂ ನಮ್ಮ ಮನೆಬಾಗಿಲಿಗೇ ಉದಾಹರಣೆ ಬಂದಿದೆ. ಸಮೀರವಾಡಿಯ ಸಕ್ಕರೆ ಕಾರ್ಖಾನೆಯನ್ನು ನಡೆಸುವ ಗೋದಾವರಿ ಬಯೋರಿಫೈನರೀಸ್ ಕಂಪನಿ 2024ರ ಅಕ್ಟೋಬರಿನಲ್ಲಿ ಸಾರ್ವಜನಿಕರಿಗೆ ಷೇರು ಕೊಟ್ಟಿತು. ಮುಖಬೆಲೆ 10 ರೂಪಾಯಿ, ವಿತರಣಾ ಬೆಲೆ 352. ಹೊಸ ಷೇರುಗಳಿಂದ ಕಂಪನಿಗೆ ಬಂದದ್ದು 325 ಕೋಟಿ. ಭಾಗಿಸಿದರೆ ಸುಮಾರು 92 ಲಕ್ಷ 33 ಸಾವಿರ ಷೇರು. ಪ್ರತಿ ಷೇರಿನ 10 ರೂಪಾಯಿ ಮಾತ್ರ ಷೇರು ಬಂಡವಾಳದ ಖಾತೆಗೆ, ಅದು ಸುಮಾರು 9.23 ಕೋಟಿ. ಉಳಿದ 342 ರೂಪಾಯಿ ಷೇರು ಪ್ರೀಮಿಯಂ ಖಾತೆಗೆ, ಅದು ಸುಮಾರು 315.77 ಕೋಟಿ. ಆ ಪ್ರೀಮಿಯಂ ಕಂಪನಿಯ ಲಾಭವಲ್ಲ, ಅದನ್ನು ಲಾಭಾಂಶವಾಗಿ ಹಂಚುವಂತಿಲ್ಲ, ಕಂಪನಿ ಕಾಯ್ದೆಯ 52ನೆಯ ಕಲಮು ಹೇಳಿದ ಕೆಲಸಗಳಿಗೆ ಮಾತ್ರ ಬಳಸಬೇಕು. ಇದೇ ವಿತರಣೆಯಲ್ಲಿ ಹಳೆಯ ಷೇರುದಾರರು ತಮ್ಮ ಕೈಯಲ್ಲಿದ್ದ ಷೇರುಗಳನ್ನೂ ಮಾರಿದರು, ಸುಮಾರು 230 ಕೋಟಿಯಷ್ಟು. ಆ ಹಣ ಕಂಪನಿಯ ಪುಸ್ತಕಕ್ಕೆ ಬರಲೇ ಇಲ್ಲ, ಮಾರಿದವರಿಗೆ ಹೋಯಿತು. ಟಿ.ವಿ.ಯಲ್ಲಿ 555 ಕೋಟಿಯ ವಿತರಣೆ ಎಂದು ಕೇಳಿದವರು ಅಷ್ಟೂ ಹಣ ಸಮೀರವಾಡಿಗೆ ಬಂತೆಂದು ತಿಳಿದಿದ್ದರು. ಬಂದ 325 ಕೋಟಿಯಲ್ಲೂ 240 ಕೋಟಿ ಸಾಲ ತೀರಿಸಲು ಎಂದು ಮೊದಲೇ ಹೇಳಿದ್ದರು. ಪೇಟೆಗೆ ಬಂದ ದಿನ ಷೇರು ವಿತರಣಾ ಬೆಲೆಗಿಂತ ಕೆಳಗೆ ಶುರುವಾಯಿತು. ಕಂಪನಿಯ ಅಢಾವೆಯಲ್ಲಿ ಇದರಿಂದ ಒಂದು ರೂಪಾಯಿಯೂ ಬದಲಾಗಲಿಲ್ಲ. ಷೇರು ವಿತರಣೆ, ಪ್ರೀಮಿಯಂ, ಪೇಟೆ ಬೆಲೆ, ಪುಸ್ತಕ ಬೆಲೆ, ಒಂದು ಅಧ್ಯಾಯದ ಅಷ್ಟೂ ಪಾಠ ಈ ಒಂದು ಘಟನೆಯಲ್ಲಿದೆ. ಎಕ್ಸ್ ಲಿಮಿಟೆಡ್ ಯಾಕೆ ಬೇಕು?

ಸಿಮೆಂಟಿನ ಕಡೆಯಿಂದಲೂ ಒಂದು ಮಾತು. ಕಲಾದಗಿ ಸೀಮೆಯ ಪ್ರಾಚೀನ ಶಿಲೆಗಳ ಒಂದು ಗುಂಪಿಗೆ ಭೂವಿಜ್ಞಾನಿಗಳು ಲೋಕಾಪುರದ ಹೆಸರನ್ನೇ ಇಟ್ಟಿದ್ದಾರೆ. ಅದರಲ್ಲಿರುವ ಸುಣ್ಣದಕಲ್ಲಿಗಾಗಿಯೇ ಸಿಮೆಂಟ್ ಕಾರ್ಖಾನೆಗಳು ಬಂದವು. ಆದರೆ ನೆಲದೊಳಗಿನ ಕಲ್ಲಿಗೆ ಎಷ್ಟು ಬೆಲೆ ಎಂದು ಅಢಾವೆಯಲ್ಲಿ ಹುಡುಕಿದರೆ ಸಿಗದು. ಗಣಿ ಹಕ್ಕಿಗೆ, ಜಮೀನಿಗೆ ಕೊಟ್ಟ ಹಣ ಮಾತ್ರ ಅಲ್ಲಿರುತ್ತದೆ, ಗಣಿಯನ್ನು ಮುಂದೆ ಸರಿಪಡಿಸಿ ಮುಚ್ಚುವುದಕ್ಕೆ ತೆಗೆದಿಟ್ಟ ಮೊತ್ತ ಎದುರು ಬದಿಯಲ್ಲಿರುತ್ತದೆ. ಲೆಕ್ಕ ಹೇಳುವುದು ಕೊಟ್ಟ ಬೆಲೆಯನ್ನು, ಇರುವ ಬೆಲೆಯನ್ನಲ್ಲ. ಬನಹಟ್ಟಿಯ ನೇಕಾರರಿಗೆ ಇದು ಚೆನ್ನಾಗಿ ಗೊತ್ತು. ಹತ್ತು ವರ್ಷದ ಮಗ್ಗ ಪುಸ್ತಕದಲ್ಲಿ ಸವಕಳಿ ಕಳೆದು ಕಬ್ಬಿಣದ ಬೆಲೆಗೆ ಇಳಿದಿರುತ್ತದೆ, ಮನೆಯಲ್ಲಿ ಅದು ಇನ್ನೂ ದಿನವಿಡೀ ಸೀರೆ ನೇಯುತ್ತಿರುತ್ತದೆ.

ಇವೆಲ್ಲಕ್ಕಿಂತ ಹೆಚ್ಚಾಗಿ ನಮ್ಮ ರೈತ ಸಂಘಟನೆಗಳು ಕಲಿಯಬೇಕಾದ ಪುಟ ಒಂದಿದೆ, ವಿಭಾಗವಾರು ಫಲಿತಾಂಶದ್ದು. ಕಬ್ಬಿನ ಬೆಲೆ ಕಟ್ಟಲು ರಂಗರಾಜನ್ ಸಮಿತಿ 2012ರಲ್ಲಿ ಹೊಸ ದಾರಿ ಹೇಳಿತು. ಸಕ್ಕರೆ ಮತ್ತು ಉಪ ಉತ್ಪನ್ನಗಳ ಆದಾಯದಲ್ಲಿ ನೂರಕ್ಕೆ 70, ಅಥವಾ ಸಕ್ಕರೆಯೊಂದರ ಆದಾಯದಲ್ಲಿ ನೂರಕ್ಕೆ 75 ಕಬ್ಬಿನ ಬೆಲೆಯಾಗಬೇಕು. ಕರ್ನಾಟಕ 2013ರಲ್ಲಿ ಮಾಡಿದ ಕಬ್ಬು ಖರೀದಿ ಕಾಯ್ದೆಯಲ್ಲೂ ಆದಾಯ ಹಂಚಿಕೆಯ ತತ್ವ ಬಂತು. ಕೇಂದ್ರ ಸರ್ಕಾರ ಕಬ್ಬಿಗೆ ನಿಗದಿ ಮಾಡುವ ಬೆಲೆ ಎಲ್ಲರಿಗೂ ಬಾಯಿಪಾಠ. 2025-26ರ ಹಂಗಾಮಿಗೆ 10.25 ಇಳುವರಿಗೆ ಕ್ವಿಂಟಲಿಗೆ 355 ರೂಪಾಯಿ, ಮೇಲಿನ ಪ್ರತಿ 0.1ಕ್ಕೆ 3.46. ಇಳುವರಿ 11 ಇದ್ದರೆ ಟನ್ನಿಗೆ 3,809 ರೂಪಾಯಿ 50 ಪೈಸೆ, ಅದರಲ್ಲಿ ಕಟಾವು ಸಾಗಣೆ ಕಳೆದದ್ದು ಕೈಗೆ. ಆದಾಯ ಹಂಚಿಕೆಯ ಲೆಕ್ಕ ಇಷ್ಟು ಸರಳವಲ್ಲ. ಒಂದೇ ಕಂಪನಿಯ ಸಕ್ಕರೆ ವಿಭಾಗ ತನ್ನ ಕಾಕಂಬಿಯನ್ನು ಡಿಸ್ಟಿಲರಿ ವಿಭಾಗಕ್ಕೂ, ಕಬ್ಬಿನ ಸಿಪ್ಪೆಯನ್ನು ವಿದ್ಯುತ್ ವಿಭಾಗಕ್ಕೂ ಕೊಡುತ್ತದೆ. ಯಾವ ಬೆಲೆಗೆ? ಆ ಬೆಲೆ ಕಡಿಮೆ ಹಿಡಿದರೆ ಸಕ್ಕರೆ ವಿಭಾಗ ಸೊರಗಿದಂತೆ ಕಾಣುತ್ತದೆ, ಎಥೆನಾಲ್ ವಿಭಾಗ ಕೊಬ್ಬಿದಂತೆ ಕಾಣುತ್ತದೆ. ಕಂಪನಿಯ ಒಟ್ಟು ಲಾಭ ಅಷ್ಟೇ ಇರುತ್ತದೆ. ಷೇರು ಪೇಟೆಯಲ್ಲಿರುವ ಕಂಪನಿಗಳು ವಿಭಾಗವಾರು ಫಲಿತಾಂಶ ಕೊಡಬೇಕು, ವಿಭಾಗಗಳ ನಡುವಿನ ಮಾರಾಟವನ್ನೂ ತೋರಿಸಬೇಕು. ಹೆದ್ದಾರಿಯಲ್ಲಿ ಬಿಸಿಲಿಗೆ ಕೂರುವ ಹೋರಾಟಕ್ಕೆ ಆ ಒಂದು ಪುಟದ ಓದು ಸೇರಿದರೆ ಮಾತುಕತೆಯ ಮೇಜಿನ ಮೇಲೆ ನಮ್ಮವರ ಮಾತಿಗೆ ತೂಕ ಹೆಚ್ಚುತ್ತದೆ ಎಂದು ನಾನು ನಂಬಿದ್ದೇನೆ.

ಓದುವ ಭಾಷೆಯ ಮಾತು ಬಿಟ್ಟರೆ ಈ ಸಮೀಕ್ಷೆ ಕುಂಟುತ್ತದೆ. ಭಾರತದ ಸನ್ನದು ಲೆಕ್ಕಪರಿಶೋಧಕರ ಸಂಸ್ಥೆ 1949ರಲ್ಲಿ ಹುಟ್ಟಿತು. ಅದರ ಪರೀಕ್ಷೆಯನ್ನು ಇಂಗ್ಲಿಷಿನಲ್ಲಿ ಅಥವಾ ಹಿಂದಿಯಲ್ಲಿ ಬರೆಯಬಹುದು. ಕನ್ನಡದಲ್ಲಿ ಬರೆಯುವಂತಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗಿ ವಿಷಯದ ಜೊತೆಗೆ ಭಾಷೆಯ ಏರನ್ನೂ ಹತ್ತಬೇಕು. ಎಷ್ಟೋ ಜಾಣ ಮಕ್ಕಳು ಫೌಂಡೇಶನ್ ಎಂಬ ಮೊದಲ ಹಂತದ ಹೊತ್ತಿಗೇ ಹಿಂದೆ ಸರಿದದ್ದನ್ನು ಕಂಡು ನೊಂದಿದ್ದೇನೆ. ಇತ್ತ ಪಠ್ಯಪುಸ್ತಕದ ಕನ್ನಡ ಒಂದು ದಾರಿ, ಸಂಘದ ಕನ್ನಡ ಇನ್ನೊಂದು ದಾರಿ. ಪುಸ್ತಕ "ಆಸ್ತಿ ಹೊಣೆ ತಖ್ತೆ" ಎಂದರೆ ಸಂಘದವರು "ಅಢಾವೆ" ಎನ್ನುತ್ತಾರೆ, ಕಚೇರಿಯಲ್ಲಿ "ಬ್ಯಾಲೆನ್ಸ್ ಶೀಟ್". ಮೂರೂ ಒಂದೇ ಎಂದು ಮೊದಲ ದಿನವೇ ಹೇಳಿ, ಯಾವುದು ಬಾಯಿಗೆ ಬರುತ್ತದೋ ಅದನ್ನು ಬಳಸಲು ಬಿಡುವುದು ಒಳ್ಳೆಯದು.

ಕಲಿಕೆಯ ಮೊದಲ ಮೆಟ್ಟಿಲಾಗಿ ನಾನು ಸಹಕಾರಿ ಸಂಘದ ವರದಿಯನ್ನೇ ಸೂಚಿಸುತ್ತೇನೆ. ಗದುಗಿನ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಶುರುವಾದ ಪರಂಪರೆ ಅದು. ವಾರ್ಷಿಕ ಸರ್ವಸಾಧಾರಣ ಸಭೆಗೆ ಮೊದಲು ಪ್ರತಿ ಸದಸ್ಯನ ಕೈಗೆ ಕನ್ನಡದಲ್ಲಿ ಅಚ್ಚಾದ ತೆಳ್ಳನೆಯ ಪುಸ್ತಕ ಬರುತ್ತದೆ. ಜಮಾ-ಖರ್ಚು ಪತ್ರಿಕೆ, ಲಾಭ-ಹಾನಿ ಪತ್ರಿಕೆ, ಅಢಾವೆ ಪತ್ರಿಕೆ, ಮೂರೂ ಅದರಲ್ಲಿ ಇರುತ್ತವೆ. ಮನೆಮನೆಯಲ್ಲಿ ಬಿದ್ದಿರುವ ಇಂಥ ಪಠ್ಯವನ್ನು ಬಿಟ್ಟು ನಾವು ಬೇರೆಲ್ಲೋ ಹುಡುಕುತ್ತಿದ್ದೇವೆ. ಜಮಾ-ಖರ್ಚಿನಲ್ಲಿ ವರ್ಷಪೂರ್ತಿ ಬಂದುಹೋದ ಹಣ, ಲಾಭ-ಹಾನಿಯಲ್ಲಿ ಆ ವರ್ಷಕ್ಕೆ ಸೇರಿದ ಆದಾಯ ಮತ್ತು ಖರ್ಚು ಮಾತ್ರ. ಈ ಎರಡರ ನಡುವಿನ ವ್ಯತ್ಯಾಸ ತಿಳಿದರೆ ಕಂಪನಿ ಲೆಕ್ಕದ ಬಾಗಿಲು ಅರ್ಧ ತೆರೆದಂತೆ. ಆಮೇಲೆ ಕಂಪನಿಗೆ ಹೋಗಬಹುದು. ಷೇರು ಪೇಟೆಯಲ್ಲಿರುವ ಕಂಪನಿಯ ವಾರ್ಷಿಕ ವರದಿ ಬಿಟ್ಟಿಯಾಗಿ ಸಿಗುತ್ತದೆ. ಪೇಟೆಯಲ್ಲಿ ಇಲ್ಲದ ಕಂಪನಿಯೂ ತನ್ನ ಲೆಕ್ಕವನ್ನು ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯಕ್ಕೆ ಸಲ್ಲಿಸಲೇಬೇಕು. 100 ರೂಪಾಯಿ ಶುಲ್ಕ ಕಟ್ಟಿದರೆ ಆ ಕಂಪನಿಯ ಸಾರ್ವಜನಿಕ ದಾಖಲೆಗಳನ್ನು ಯಾರು ಬೇಕಾದರೂ ನೋಡಬಹುದು. ಷೇರುದಾರನೇ ಆಗಿರಬೇಕು ಎಂದಿಲ್ಲ. ಕಬ್ಬು ಹಾಕಿದವನೂ ನೋಡಬಹುದು, ಅವನ ಮಗನೂ ನೋಡಬಹುದು.

ಆ ಮಗ ನೋಡಿದ. ಮುಂದಿನ ವರ್ಷ ದಸರೆ ರಜೆಯಲ್ಲಿ ನೂರು ರೂಪಾಯಿ ಕಟ್ಟಿ, ಅಪ್ಪ ಕಬ್ಬು ಹಾಕುವ ಕಾರ್ಖಾನೆಯ ಲೆಕ್ಕ ಇಳಿಸಿಕೊಂಡು, ಮುಧೋಳದಲ್ಲಿ ಅಚ್ಚು ಹಾಕಿಸಿ, ಮನೆಯ ಕಟ್ಟೆಯ ಮೇಲೆ ಹರಡಿ ಕೂತನಂತೆ. ಇಂಗ್ಲಿಷ್ ಸಾಲಿನ ಪಕ್ಕ ಪೆನ್ಸಿಲಿನಲ್ಲಿ ಕನ್ನಡ ಬರೆದುಕೊಂಡಿದ್ದ. ದಾಸ್ತಾನು ಎಲ್ಲಿದೆ, ಬ್ಯಾಂಕಿನ ಸಾಲ ಎಲ್ಲಿದೆ ಎಂದು ತೋರಿಸಿ, "ಇತರರು" ಎಂಬ ಸಾಲಿನ ಮೇಲೆ ಬೆರಳಿಟ್ಟು "ಅಪ್ಪಾ, ನೀ ಇಲ್ಲಿ ಅದಿ ನೋಡು" ಎಂದನಂತೆ. ಅಪ್ಪ ಕನ್ನಡಕ ಏರಿಸಿಕೊಂಡು ಆ ಸಂಖ್ಯೆಯನ್ನು ಬಹಳ ಹೊತ್ತು ನೋಡಿದರಂತೆ. ಆಮೇಲೆ ಕೇಳಿದರು: "ಹಂಗಾದ್ರ ಆ ಹೊಸಾ ಡಿಸ್ಟಿಲರಿ ಕಟ್ಟಾಕ ರೊಕ್ಕ ಎಲ್ಲಿಂದ ಬಂತು?" ಹುಡುಗ ನಗದು ಹರಿವಿನ ಪುಟ ತಿರುವಿದ.